ಮಾರೇನಹಳ್ಳಿಯ ರಾಣಿಯಮ್ಮನ ಅರಮನೆ

ಸೋಮಲಿಂಗಪ್ಪ ಬಾಯಿ ತುಂಬ ಹಲ್ಲುಪುಡಿಯ ನೊರೆ ಇಟ್ಟುಕೊಂಡು ಹಿತ್ತಲಿನಿಂದ ಒಳಗೆ ಬಂದಾಗ, ಗಾರೆ ಮೇಸ್ತ್ರಿಯೊಬ್ಬ ಅವನ ನಡುಮನೆಯ ಗೋಡೆಗೆ ಟೇಪು ಹಿಡಿದು ಅಳೆಯುತ್ತಿದ್ದ.

"ಏನಪ್ಪಾ ಇದು?" ಎಂದು ಸೋಮಲಿಂಗಪ್ಪ ನೊರೆಯ ನಡುವೆಯೇ ಕೇಳಿದ.

"ಅಳತೆ ಸಾರ್. ಶುಕ್ರವಾರ ದಿನ ಚೆನ್ನಾಗೈತಂತೆ. ಬೈರಪ್ನೋರು ಈ ಮನೆ ಕೆಡವಿ ಕಲ್ಯಾಣ ಮಂಟಪ ಕಟ್ತಾರೆ. ನಿಮಗೆ ಹೇಳಿಲ್ವ? ಸಾಯಂಕಾಲ ಅವರೇ ಬಂದು ಮಾತಾಡ್ತಾರಂತೆ ಬಿಡಿ."

ಸೋಮಲಿಂಗಪ್ಪ ಅಷ್ಟೂ ನೊರೆಯನ್ನು ನುಂಗಿಬಿಟ್ಟ.

ಮನೆ ಹೋದರೆ ಇನ್ನೊಂದು ಮನೆ, ಅದಕ್ಕೇನು ಮಹಾ ಎನ್ನುವವರು ಸೋಮಲಿಂಗಪ್ಪನ ಕತೆ ತಿಳಿಯದವರು. ಹರಿಹರದಿಂದ ಬೆಂಗಳೂರಿಗೆ ಗುಮಾಸ್ತನಾಗಿ ಬಂದ ಎಂಟು ವರ್ಷಗಳಲ್ಲಿ ಇದು ಅವನ ಒಂಬತ್ತನೆಯ ಬಾಡಿಗೆ ಮನೆ. ಒಂದು ಕಡೆ ಮಾಲೀಕನ ಮಗನಿಗೆ ಮದುವೆಯಾಯಿತು. ಇನ್ನೊಂದು ಕಡೆ ಮಗಳಿಗೆ ಮದುವೆಯಾಗಲಿಲ್ಲ, ಇವರು ಬಂದ ಗಳಿಗೆ ಸರಿಯಿಲ್ಲವೆಂದು ಬಿಡಿಸಿದರು. ಗೋವಿಂದರಾಜನಗರದ ಮಾಲೀಕನಂತೂ ಸೋಮಲಿಂಗಪ್ಪ ಬೆಳಗ್ಗೆ ಜೋರಾಗಿ ಸೀನುತ್ತಾನೆ, ಅದರಿಂದ ತನ್ನ ವ್ಯಾಪಾರ ಕೆಡುತ್ತಿದೆ ಎಂದು ಬಿಡಿಸಿದ. ಒಂಬತ್ತನೆಯ ಸಲ ಸಾಮಾನು ಇಳಿಸಿದ ದಿನ ಅವನ ಹೆಂಡತಿ ನೀಲಮ್ಮ ಒಂದು ಮಾತು ಹೇಳಿದ್ದಳು.

"ನೋಡ್ರೀ, ನಾನು ಇನ್ನೊಂದು ಸಲ ಪಾತ್ರೆ ಗೋಣಿಚೀಲಕ್ಕೆ ತುಂಬೋ ಹಾಗೆ ಮಾಡಿದ್ರೆ, ಆ ಚೀಲ ಹರಿಹರದ ರೈಲು ಹತ್ತುತ್ತೆ. ಅದರ ಹಿಂದೆ ಮಕ್ಕಳು ಹತ್ತುತಾರೆ, ಅವರ ಹಿಂದೆ ನಾನು."

ನೀಲಮ್ಮ ಬಾಯಿಮಾತಿಗೆ ಹೇಳುವ ಹೆಂಗಸಲ್ಲ. ಗಂಡ ನಶ್ಯ ಬಿಡುವವರೆಗೆ ಮನೆಯಲ್ಲಿ ಕಾಫಿ ಮಾಡುವುದಿಲ್ಲವೆಂದು ಒಮ್ಮೆ ಶಪಥ ಮಾಡಿದ್ದಳು. ಸೋಮಲಿಂಗಪ್ಪ ಎರಡು ವರ್ಷ ಬಿಸಿನೀರು ಕುಡಿದು ಆಫೀಸಿಗೆ ಹೋದ.

ಹಾಗೆ ನೋಡಿದರೆ ಈ ಮನೆಯೇನು ಸ್ವರ್ಗವಾಗಿರಲಿಲ್ಲ. ಮಾರೇನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಮಾಲೀಕ ಬೈರಪ್ಪನ ಹಿರಿಯರು ರಾಗಿ ಹಾಕಿಕೊಳ್ಳಲು ಕಟ್ಟಿಸಿದ್ದ ಮಣ್ಣುಗೋಡೆಯ, ನಾಡಹೆಂಚಿನ ಮನೆ. ನಾಲ್ಕು ಮರದ ಕಂಬ, ಒಂದು ಕರೆಂಟ್ ಬಲ್ಬು. ನೀರಿಗೆ ಬೀದಿಯ ಬಾವಿ. ಮಳೆ ಬಂದರೆ ಮನೆಯವರೆಲ್ಲ ಕೊಡೆ ಹಿಡಿದು ಊಟಕ್ಕೆ ಕೂರಬೇಕು. ಸಾರು ಬಡಿಸಿದಷ್ಟೂ ಮುಗಿಯುತ್ತಿರಲಿಲ್ಲ. ಆದರೂ ಮನೆ ಮನೆಯೇ. ಅದಿದ್ದರೆ ನೀಲಮ್ಮ ಇರುತ್ತಾಳೆ, ಇಲ್ಲದಿದ್ದರೆ ಇಲ್ಲ.

ಸದ್ಯಕ್ಕೆ ನೀಲಮ್ಮ ಮನೆಯಲ್ಲಿರಲಿಲ್ಲ. ಮಕ್ಕಳನ್ನು ಸ್ಕೂಲಿಗೆ ಹೊರಡಿಸಿ, ಯಾವುದೋ ಪೂಜೆಯಿದೆ ಎಂದು ಬೈರಪ್ಪನ ಹೆಂಡತಿ ಲಕ್ಷ್ಮಿದೇವಮ್ಮನ ಜೊತೆ ಹೊರಟುಹೋಗಿದ್ದಳು. ಅವಳು ಬರುವುದರೊಳಗೆ ಏನಾದರೂ ಮಾಡಬೇಕಿತ್ತು. ಸಂಕಟ ಬಂದಾಗ ವೆಂಕಟರಮಣ ಅಂತಾರೆ. ಸೋಮಲಿಂಗಪ್ಪ ಶಿವಭಕ್ತ, ಆ ದಾರಿಯೂ ಇಲ್ಲ. ಅವನು ಪಕ್ಕದ ಮನೆಯ ಹನುಮಂತಯ್ಯನವರ ಹತ್ತಿರ ಓಡಿದ.

ಹನುಮಂತಯ್ಯನವರು ರಿಟೈರಾದ ಹೆಡ್‌ಮಾಸ್ಟರು. ದಿನಪತ್ರಿಕೆಯನ್ನು ಮೊದಲ ಪುಟದ ತಲೆಯಿಂದ ಕೊನೆಯ ಪುಟದ ಟೆಂಡರ್ ನೋಟೀಸಿನವರೆಗೆ ಓದಿ, ಬೀದಿಯವರಿಗೆಲ್ಲ ಪಾಠ ಒಪ್ಪಿಸುವುದು ಅವರ ಈಗಿನ ಉದ್ಯೋಗ. ಸೋಮಲಿಂಗಪ್ಪನ ಗೋಳು ಕೇಳಿ ಅವರಿಗೆ ಬಹಳ ಸಂತೋಷವಾಯಿತು. ಎಷ್ಟೋ ದಿನದಿಂದ ಅವರ ಹತ್ತಿರ ಯಾರೂ ಏನನ್ನೂ ಕೇಳಿರಲಿಲ್ಲ.

"ಹೆದರಬೇಡವಯ್ಯ. ಮೊನ್ನೆ ಪೇಪರ್‌ನಲ್ಲಿ ಬಂದಿದೆ. ಬೆಂಗಳೂರಲ್ಲಿ ಜನ ಹೋಗಿ ನೋಡಬೇಕಾದ ಹಳೇ ಮನೆಗಳದ್ದು ಒಂದು ಪುಸ್ತಕ ಮಾಡ್ತಾ ಇದಾರೆ. ಅದಕ್ಕೊಂದು ಇಲಾಖೆ, ಅದಕ್ಕೊಬ್ಬ ಆಫೀಸರು. ಪುಸ್ತಕಕ್ಕೆ ಸೇರಿದ ಮನೇದು ಒಂದು ಹೆಂಚು ಮುಟ್ಟಿದ್ರೂ ಮಾಲೀಕ ಒಳಗೆ ಹೋಗ್ತಾನೆ!"

"ಆದ್ರೆ ಮೇಷ್ಟ್ರೇ, ನಮ್ಮ ಮನೇಲಿ ಚರಿತ್ರೆ ಎಲ್ಲಿದೆ? ರಾಗಿ ತುಂಬ್ತಿದ್ರು ಅಷ್ಟೆ."

"ಚರಿತ್ರೆ ಇರೋದಲ್ಲ ಕಣಯ್ಯ, ಬರೆಯೋದು. ಮೂವತ್ತೆಂಟು ವರ್ಷ ಅದನ್ನೇ ಪಾಠ ಮಾಡಿದೀನಿ" ಎಂದು ಮೇಷ್ಟ್ರು ಕಣ್ಣು ಮುಚ್ಚಿದರು. ತೆಗೆದಾಗ ಅವರ ಹತ್ತಿರ ಒಬ್ಬ ರಾಣಿ ಇದ್ದಳು. ಮಾಗಡಿ ಕಡೆಯ ಒಬ್ಬ ಪಾಳೇಗಾರ. ಹೆಸರು ಆಮೇಲೆ ನೋಡಿಕೊಳ್ಳೋಣ. ಅವನ ರಾಣಿ ಶತ್ರುಗಳಿಂದ ತಪ್ಪಿಸಿಕೊಂಡು ಬರುವಾಗ ಈ ಮನೆಯಲ್ಲಿ ತಂಗಿದ್ದಳು.

"ಒಂದೇ ರಾತ್ರಿ ಸಾಕು ಮೇಷ್ಟ್ರೇ, ಜಾಸ್ತಿ ಬೇಡ" ಎಂದ ಸೋಮಲಿಂಗಪ್ಪ. ಸುಳ್ಳಿನಲ್ಲೂ ಅವನು ಮಿತವ್ಯಯಿ.

ಎದುರುಮನೆಯ ಸೈಕಲ್ ಶಾಪ್ ಉಗ್ರಪ್ಪ ಅಷ್ಟರಲ್ಲಿ ಪಂಪು ಕೈಯಲ್ಲಿ ಹಿಡಿದೇ ಬಂದು ನಿಂತಿದ್ದ. "ನಿಜ ಸಾರ್! ನಮ್ಮ ತಾತ ನೋಡಿದ್ದ ಆ ರಾಣೀನ."

"ನಿಮ್ಮ ತಾತ ಮುನ್ನೂರು ವರ್ಷದ ಹಿಂದೆ ಇದ್ನೇನಯ್ಯ?" ಎಂದರು ಮೇಷ್ಟ್ರು.

"ಬಾಳ ವಯಸ್ಸಾಗಿತ್ತು ಸಾರ್ ಅವನಿಗೆ."

ಮೇಷ್ಟ್ರು ಇದನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡರು. ನೀನು ಹೋಗಿ ಆಫೀಸರನ್ನು ಕರೆದುಕೊಂಡು ಬಾ, ಮನೆಯನ್ನು ನಾನು, ಉಗ್ರಪ್ಪ ಸಿದ್ಧ ಮಾಡಿರುತ್ತೇವೆ ಎಂದು ಸೋಮಲಿಂಗಪ್ಪನನ್ನು ಬಸ್ಸಿಗೆ ಹತ್ತಿಸಿದರು. ಸಿದ್ಧ ಮಾಡುವುದು ಎಂದರೇನು ಎಂದು ಕೇಳುವ ಬುದ್ಧಿ ಆ ಬಡಪಾಯಿಗೆ ಬರಲಿಲ್ಲ.

ಇಲಾಖೆಯ ಆಫೀಸರು ಚಕ್ರಪಾಣಿ ಒಂದು ಮೇಜಿನ ಹಿಂದೆ, ಕಡತಗಳ ಮರೆಯಲ್ಲಿ ಸಿಕ್ಕರು. ಸೋಮಲಿಂಗಪ್ಪ "ಮಾರೇನಹಳ್ಳಿಯಲ್ಲಿ ಒಂದು ಹಳೇ ಮನೆ" ಎನ್ನುತ್ತಿದ್ದಂತೆಯೇ ಅವರು ಎದ್ದುಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಪಶ್ಚಿಮದ ಕಡೆಯೋ? ನೀವು ದೇವರ ಹಾಗೆ ಬಂದ್ರಿ! ನೋಡಿ ಇಲ್ಲಿ" ಎಂದು ಒಂದು ಕಡತ ಬಿಚ್ಚಿದರು. ದಂಡು ಪ್ರದೇಶದ ಕಡೆ ಹನ್ನೊಂದು ಬಂಗಲೆ. ಬಸವನಗುಡಿ ಕಡೆ ಹದಿನಾಲ್ಕು ಮನೆ. ಪೇಟೆಯಲ್ಲಿ ಲೆಕ್ಕವಿಲ್ಲದಷ್ಟು. 'ಪಶ್ಚಿಮ ಬೆಂಗಳೂರಿನಲ್ಲಿ ನೋಡತಕ್ಕ ಮನೆಗಳು' ಎಂಬ ತಲೆಬರಹದ ಕೆಳಗೆ ಬೆಳ್ಳನೆಯ ಖಾಲಿ ಹಾಳೆ.

"ಎಂಟು ತಿಂಗಳಿಂದ ಸುತ್ತುತಾ ಇದೀನಿ ಸ್ವಾಮಿ. ರಾಜಾಜಿನಗರದಲ್ಲಿ ಬಹಳ ಪುರಾತನವಾದ್ದು ಅಂತ ಒಂದು ಮನೆ ತೋರಿಸಿದ್ರು. ವಿಚಾರಿಸಿದ್ರೆ ಅದು ನನಗಿಂತ ಇಪ್ಪತ್ತು ವರ್ಷ ಚಿಕ್ಕದು. ಬಸವೇಶ್ವರನಗರದಲ್ಲಿ ಇನ್ನೂ ಗಾರೆ ಒಣಗಿಲ್ಲ. ಕೆಂಗೇರೀಲಿ ಒಂದು ಒಳ್ಳೆ ತೊಟ್ಟಿಮನೆ ಇತ್ತು, ನಾಯಿ ಒಳಗೆ ಬಿಡಲಿಲ್ಲ. ನಾಳೆ ಪುಸ್ತಕ ಪ್ರೆಸ್ಸಿಗೆ ಹೋಗುತ್ತೆ. ಪಶ್ಚಿಮಕ್ಕೆ ಒಂದಾದ್ರೂ ಕೊಡಲಿಲ್ಲ ಅಂದ್ರೆ ನನ್ನ ಪ್ರಮೋಷನ್ ಹೋಗುತ್ತೆ. ನಿಮ್ಮ ಮನೇಲಿ ನಾಯಿ ಇದೆಯಾ?"

"ಇಲ್ಲ ಸಾರ್. ಒಬ್ಬ ರಾಣಿ ಇದ್ಲು."

ಚಕ್ರಪಾಣಿ ಛತ್ರಿ ಎತ್ತಿಕೊಂಡರು. ಇಬ್ಬರೂ ಆಟೋ ಹತ್ತಿದರು.

ಆಟೋ ಬೀದಿಯ ತುದಿಗೆ ಬಂದು ನಿಂತಿತು. ಮುಂದೆ ಹೋಗಲು ದಾರಿ ಇರಲಿಲ್ಲ. ಸೋಮಲಿಂಗಪ್ಪನ ಮನೆಯ ಮುಂದೆ ನೂರು ಜನ. ಬಾಗಿಲಿಗೆ ಮಾವಿನ ತೋರಣ. ಒಳಗಿನಿಂದ ಕರ್ಪೂರದ ಹೊಗೆ, ಗಂಟೆಯ ಸದ್ದು. ಮನೆಯಲ್ಲಿ ಏನಾಗಿಹೋಯಿತೋ ಎಂದು ಸೋಮಲಿಂಗಪ್ಪ ಆಟೋದಿಂದ ಧುಮುಕಿದ.

ಅವನು ಊರಿನೊಳಗೆ ಹೋಗಿಬಂದ ನಾಲ್ಕು ಗಂಟೆಯಲ್ಲಿ ನಡೆದದ್ದು ಇಷ್ಟು. ಮೊದಲು ಉಗ್ರಪ್ಪ, ರಾಣಿ ಕಾಲದಲ್ಲಿ ಕರೆಂಟ್ ಎಲ್ಲಿತ್ತು ಎಂದು ಇದ್ದ ಒಂದು ಬಲ್ಬನ್ನು ವೈರು ಸಮೇತ ಕಿತ್ತ. ಹೋದ ಯುಗಾದಿಗೆ ನೀಲಮ್ಮ ಬಳಿದಿದ್ದ ಸುಣ್ಣದ ಮೇಲೆ ಒಲೆಯ ಮಸಿ ತಿಕ್ಕಿದ. ಮೇಷ್ಟ್ರು ಹಿತ್ತಲಿನ ಒರಳುಕಲ್ಲನ್ನು ನಾಲ್ಕು ಜನರಿಂದ ನಡುಮನೆಗೆ ಉರುಳಿಸಿ ತಂದು, ರಾಣಿ ಕೂತು ಕಣ್ಣೀರಿಟ್ಟದ್ದು ಇದರ ಮೇಲೆಯೇ ಎಂದು ಬೀದಿಗೆಲ್ಲ ಕೇಳುವಂತೆ ವಿವರಿಸಿದರು. ಹೂ ಮಾರಲು ಬಂದಿದ್ದ ಮುನಿಲಕ್ಷ್ಮಮ್ಮ ಅಯ್ಯೋ ಪಾಪ ಎಂದು ಆ ಕಲ್ಲಿಗೆ ಒಂದು ಮೊಳ ಕನಕಾಂಬರ ಏರಿಸಿದಳು. ಹೂ ಬಿದ್ದ ಕಲ್ಲಿಗೆ ಕುಂಕುಮ ಇಲ್ಲದಿದ್ದರೆ ಹೇಗೆ? ಇನ್ನೊಬ್ಬಳು ಕುಂಕುಮ ಇಟ್ಟಳು. ಕುಂಕುಮ ಇಟ್ಟಮೇಲೆ ಕರ್ಪೂರ, ಕರ್ಪೂರ ಹಚ್ಚಿದಮೇಲೆ ತೆಂಗಿನಕಾಯಿ. ಹನ್ನೊಂದು ಗಂಟೆಗೆ ರಾಣಿಗೆ ರಾಣಿಯಮ್ಮ ಎಂದು ಹೆಸರಾಯಿತು. ಹನ್ನೆರಡಕ್ಕೆ ಮುನಿಲಕ್ಷ್ಮಮ್ಮನ ಮೂರು ವರ್ಷದ ಹಲ್ಲುನೋವು ನಿಂತುಹೋಯಿತು. ಅಲ್ಲಿಂದಾಚೆಗೆ ಮೇಷ್ಟ್ರ ಮಾತನ್ನೂ ಯಾರೂ ಕೇಳಲಿಲ್ಲ.

"ಮೇಷ್ಟ್ರೇ, ಇದೇನ್ರೀ ಮಾಡಿದ್ರಿ?" ಎಂದು ಸೋಮಲಿಂಗಪ್ಪ ಅವರ ಕಿವಿಯಲ್ಲಿ ಹಲ್ಲು ಕಡಿದ.

"ನಾನು ಚರಿತ್ರೆ ಅಷ್ಟೆ ಕಣಯ್ಯ ಮಾಡಿದ್ದು. ಪುರಾಣ ತಾನಾಗೇ ಆಯ್ತು" ಎಂದರು ಮೇಷ್ಟ್ರು. ಅವರ ಹಣೆಯಲ್ಲೂ ದೊಡ್ಡದೊಂದು ಕುಂಕುಮ ಇತ್ತು.

ಚಕ್ರಪಾಣಿಯವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಮೇಷ್ಟ್ರು ಕೋಲು ಹಿಡಿದು ತೋರಿಸತೊಡಗಿದರು. ಕಂಬದ ಮೇಲೆ ಸೋಮಲಿಂಗಪ್ಪನ ಮಗ ಕತ್ತರಿಯಿಂದ ಕೆತ್ತಿದ್ದ ಗಾಯ ಶತ್ರುವಿನ ಕತ್ತಿಯ ಏಟಾಯಿತು. ಮಂಗಗಳು ಹೆಂಚು ಒಡೆದು ಮಾಡಿದ್ದ ತೂತಿನಲ್ಲಿ ಫಿರಂಗಿಯ ಗುಂಡು ಒಳಗೆ ಬಿತ್ತು.

"ಗುಂಡು ಈಗ ಎಲ್ಲಿದೆ?" ಎಂದು ಚಕ್ರಪಾಣಿ ಪೆನ್ಸಿಲ್ ಎತ್ತಿದರು.

"ನಮ್ಮ ತಾತ ಗುಜರಿಗೆ ಹಾಕ್ಬಿಟ್ಟ ಸಾರ್" ಎಂದ ಉಗ್ರಪ್ಪ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗೀಟುಗಳಿದ್ದವು. ನೀಲಮ್ಮ ದಿನಾ ಬೆಳಗ್ಗೆ ಅದರ ಮೇಲೆ ಚಾಕು ಮಸೆಯುತ್ತಿದ್ದಳು. ಮೇಷ್ಟ್ರು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, "ಸ್ವಸ್ತಿಶ್ರೀ" ಎಂದು ಶುರುಮಾಡಿ ಹದಿನೇಳು ಸಾಲು ಓದಿದರು. ಒಂದು ಕಡೆ ತಡೆದು, ಇಲ್ಲಿ ಮೂರಕ್ಷರ ಅಳಿಸಿವೆ ಎಂದೂ ಹೇಳಿದರು. ಆ ಮೂರಕ್ಷರಕ್ಕಾಗಿ ಚಕ್ರಪಾಣಿಯವರ ಕಣ್ಣಲ್ಲಿ ನೀರು ಬಂತು.

ಸೋಮಲಿಂಗಪ್ಪ ಹೆದರಿ ಅವರ ನಡುವೆ ನುಗ್ಗಿದ. "ಸಾರ್, ಅಷ್ಟೆಲ್ಲ ಏನೂ ಇಲ್ಲ. ರಾಣಿ ಒಂದೇ ರಾತ್ರಿ ಇದ್ದದ್ದು. ಅದೂ ನಿದ್ದೆ ಮಾಡಿಬಿಟ್ಲು ಅಷ್ಟೆ" ಎಂದ.

"ಎಂಥಾ ವಿನಯ ಸ್ವಾಮಿ ನಿಮ್ಮದು! ಬಂಗಲೆಗಳು ಎಷ್ಟು ಬೇಕಾದ್ರೂ ಸಿಗ್ತವೆ. ಕಲ್ಲು ಮಣ್ಣು. ಇಲ್ಲಿ ನೋಡಿ, ಜನ ಇನ್ನೂ ಅತ್ತೂ ಕರೆದೂ ಪೂಜೆ ಮಾಡ್ತಿದಾರೆ! ಜೀವಂತ ಪರಂಪರೆ ಅಂದ್ರೆ ಇದು. ಇನ್ನೂ ಕರೆಂಟ್ ಕೂಡ ಹಾಕಿಸಿಕೊಂಡಿಲ್ಲ ನೀವು!"

ಅವರು ಒಂದು ಫಾರಂ ತೆಗೆದರು. ಹಾಲಿ ವಾಸವಿರುವವರು ಈ ಮನೆಯಲ್ಲಿಯೇ ಇದ್ದು, ಪೂಜಾದಿಗಳನ್ನು ತಪ್ಪದೆ ನಡೆಸಿಕೊಂಡು, ಬಂದವರಿಗೆ ಮನೆ ತೋರಿಸತಕ್ಕದ್ದು ಎಂದು ಬರೆದರು. 'ಈ ಮನೆಯಲ್ಲಿಯೇ ಇದ್ದು' ಎನ್ನುವ ಮೂರು ಮಾತು ಕಂಡದ್ದೇ ತಡ, ಸೋಮಲಿಂಗಪ್ಪನ ಹೆದರಿಕೆ ಹೋಯಿತು. ಇನ್ನು ಬೈರಪ್ಪನಲ್ಲ, ಅವರಪ್ಪ ಬಂದರೂ ಬಿಡಿಸುವ ಹಾಗಿಲ್ಲ! ಉಳಿದದ್ದನ್ನು ಓದದೆ ದಪ್ಪಕ್ಷರದಲ್ಲಿ ಸಹಿ ಜಡಿದ. ಚಕ್ರಪಾಣಿಯವರು ಬಾಗಿಲಿಗೆ ಒಂದು ನೋಟೀಸು ಅಂಟಿಸಿದರು. 'ಈ ಕಟ್ಟಡದ ಒಂದು ಹೆಂಚನ್ನೂ ತೆಗೆಯಕೂಡದು, ಬದಲಾಯಿಸಕೂಡದು.' ಆಮೇಲೆ ಜಗಲಿಯ ಮೇಲೆ ಕೂತು, ಮೇಷ್ಟ್ರ ಮನೆಯ ಕಾಫಿ ಕುಡಿಯುತ್ತಾ ತಮ್ಮ ಖಾಲಿ ಹಾಳೆಯನ್ನು ತುಂಬತೊಡಗಿದರು.

ಸಾಯಂಕಾಲ ನಾಲ್ಕೂವರೆಗೆ ಬೈರಪ್ಪ ಬಂದ. ಆರಡಿಯ ಆಳು, ಬಿಳಿ ಪಂಚೆ, ಬಿಳಿ ಮೀಸೆ. ಕೈಯಲ್ಲಿ ಹಣ್ಣು, ಎಲೆಅಡಿಕೆಯ ತಟ್ಟೆ. ಹಿಂದೆ ಲಕ್ಷ್ಮಿದೇವಮ್ಮ, ಅವಳ ಜೊತೆಗೆ ನೀಲಮ್ಮ. ನೀಲಮ್ಮ ಮದುವೆಯ ದಿನದ ಸೀರೆ ಉಟ್ಟಿದ್ದಳು. ಸೋಮಲಿಂಗಪ್ಪ ಎದೆ ಸೆಟೆಸಿ ನೋಟೀಸಿನ ಪಕ್ಕದಲ್ಲಿ ನಿಂತುಕೊಂಡ. ಬರಲಿ ಇವನು, ಇವತ್ತು ಒಂದು ಕೈ ನೋಡೇಬಿಡೋಣ ಎಂದುಕೊಂಡ.

ಬೈರಪ್ಪ ಅವನನ್ನೂ ನೋಡಲಿಲ್ಲ, ನೋಟೀಸನ್ನೂ ನೋಡಲಿಲ್ಲ. ನಡುಮನೆಯಲ್ಲಿ ಅರಿಸಿನ ಕುಂಕುಮದಲ್ಲಿ ಮುಳುಗಿದ್ದ ಒರಳುಕಲ್ಲು, ಉರಿಯುತ್ತಿದ್ದ ಕರ್ಪೂರ, ಕೈಮುಗಿದು ನಿಂತ ಹೆಂಗಸರು ಕಂಡವು. ಮುನಿಲಕ್ಷ್ಮಮ್ಮ ಹಲ್ಲುನೋವಿನ ವಿಷಯ ಎರಡು ಮಾತಿನಲ್ಲಿ ಹೇಳಿದಳು. ಅಷ್ಟು ದೊಡ್ಡ ಆಳು ತಟ್ಟೆಯನ್ನು ಹೆಂಡತಿಯ ಕೈಗೆ ಕೊಟ್ಟು ದೊಪ್ಪನೆ ಉದ್ದಕ್ಕೆ ಬಿದ್ದುಬಿಟ್ಟ.

"ತಪ್ಪಾಯ್ತು ನಮ್ಮವ್ವಾ! ನೀನು ಕುಂತಿರೋ ಜಾಗಕ್ಕೆ ಗುದ್ದಲಿ ಹಾಕ್ಸೋಕೆ ಹೊರಟಿದ್ನಲ್ಲ! ನಮ್ಮಪ್ಪ ನಿನ್ನ ತಲೆ ಮ್ಯಾಲೆ ರಾಗಿ ಮೂಟೆ ಹಾಕ್ಸಿದ್ನಲ್ಲವ್ವಾ!"

ಎದ್ದವನು ಸೋಮಲಿಂಗಪ್ಪನ ಕೈ ಹಿಡಿದುಕೊಂಡ. "ಸೋಮಲಿಂಗಪ್ನೋರೆ, ಇಷ್ಟು ತಲೆಮಾರು ನಾವಿದ್ದೋ, ನಮಗ್ಯಾರಿಗೂ ಕಾಣಿಸ್ಲಿಲ್ಲ. ನಿಮಗೆ ಕಾಣಿಸ್ಕೊಂಡ್ಲು ತಾಯಿ. ಕಲ್ಯಾಣ ಮಂಟಪ ಹಾಳಾಗ್ಲಿ. ಈ ಮನೆ ಇನ್ನು ನಾನು ಮುಟ್ಟಲ್ಲ."

ಗೆದ್ದೆ ಎಂದುಕೊಂಡ ಸೋಮಲಿಂಗಪ್ಪ. ಹೆಂಡತಿಯ ಕಡೆ ತಿರುಗಿ, ಮೀಸೆ ಇಲ್ಲದಿದ್ದರೂ ಮೀಸೆ ಸವರಿಕೊಂಡ. "ನೋಡಿದ್ಯೇನೇ? ಇನ್ನು ನೀನು ಗೋಣಿಚೀಲ ಮುಟ್ಟೋ ಹಾಗಿಲ್ಲ. ಹತ್ತನೇ ಮನೆ ಅನ್ನೋ ಮಾತೇ ಇಲ್ಲ!"

ನೀಲಮ್ಮ ಮಸಿ ಮೆತ್ತಿದ ಗೋಡೆ ನೋಡಿದಳು. ಬಲ್ಬಿಲ್ಲದ ತೊಲೆ ನೋಡಿದಳು. ಬಾಗಿಲಿಗೆ ಹೋಗಿ ನೋಟೀಸು ಓದಿ, ಮಂಗಗಳು ಮಾಡಿದ್ದ ತೂತಿನ ಕಡೆ ತಲೆ ಎತ್ತಿದಳು.

ಬೈರಪ್ಪ ಜೇಬಿನಿಂದ ಒಂದು ಹೊಸ ಬೀಗದಕೈ ತೆಗೆದು ಅಂಗೈಯಲ್ಲಿಟ್ಟುಕೊಂಡು ನಿಟ್ಟುಸಿರುಬಿಟ್ಟ. "ಏನೋ ಅಂದ್ಕೊಂಡಿದ್ದೋ ಸ್ವಾಮಿ, ತಾಯಿ ಇಚ್ಛೆ ಬೇರೆ ಇತ್ತು. ಆರ್‌ಪಿಸಿ ಲೇಔಟ್‌ನಾಗೆ ನಿಮಗೋಸ್ಕರ ಒಂದು ಮೋಲ್ಡ್ ತಾರಸಿ ಮನೆ ಕಟ್ಸಿದ್ದೆ. ಎರಡು ರೂಮು, ಮನೇ ಒಳಗೇ ನಲ್ಲಿ, ಒಳಗೇ ಕಕ್ಕಸು. ಬಾಡಿಗೆ ಇಷ್ಟೇ ಕೊಡಿ ಅಂತ ಹೇಳೋನಿದ್ದೆ. ನಿಮ್ಮ ಮನೆಯವರು ಆರು ತಿಂಗಳಿಂದ ನಮ್ಮೋಳ ತಾವ ಕೇಳಿ ಕೇಳಿ ಒಪ್ಸಿದ್ರು. ಈ ಮನೆ ಸೋರುತ್ತೆ, ಕೆಡವಿಬಿಡಿ ಅಂತ ಹೇಳಿದ್ದೂ ಅವರೇ. ಇವತ್ತು ಒಲೆ ಹೂಡಿ ಹಾಲು ಉಕ್ಕಿಸಿ ಬಂದ್ರು."

"ಹಾಲು?" ಎಂದ ಸೋಮಲಿಂಗಪ್ಪ.

"ನಿಮಗೆ ಸಾಯಂಕಾಲದ ತನಕ ಹೇಳಬೇಡಿ, ಖುಷಿಯಾಗಲಿ ಅಂತ ನಾನೇ ಅಂದಿದ್ದೆ" ಎಂದಳು ನೀಲಮ್ಮ ಮೆಲ್ಲಗೆ. "ನಲ್ಲಿ ತಿರುಗಿಸಿ ನೋಡ್ದೆ ರೀ. ನೀರು ಬಂತು."

ಸೋಮಲಿಂಗಪ್ಪ ಬೈರಪ್ಪನ ಕೈ ಹಿಡಿದ. "ಸ್ವಾಮಿ, ಸ್ವಾಮಿ, ರಾಣಿ ಗೀಣಿ ಎಲ್ಲ ಸುಳ್ಳು! ಅದು ನಮ್ಮ ದೋಸೆ ಹಿಟ್ಟಿನ ಒರಳುಕಲ್ಲು! ಇವತ್ತೇ ಕೆಡವಿ, ನಾನೇ ಗುದ್ದಲಿ ಹಿಡೀತೀನಿ!"

ಹೆಂಗಸರೆಲ್ಲ ಕೆನ್ನೆ ಕೆನ್ನೆ ಬಡಿದುಕೊಂಡರು. "ಶಿವನೇ! ತಾಯಿ ಎದುರಿಗೇ ಎಂಥಾ ಮಾತು!" ಎಂದಳು ಮುನಿಲಕ್ಷ್ಮಮ್ಮ. ಉಗ್ರಪ್ಪನಂತೂ ನಿಜವಾಗಿಯೇ ಸಿಟ್ಟಾದ. "ನಮ್ಮ ತಾತ ಸುಳ್ಳುಗಾರ ಅಂತೀರಾ ಸಾರ್ ಹಾಗಾದ್ರೆ?"

"ಹೋಗ್ಲಿ, ಈ ಮನೆ ಹೀಗೇ ಇರಲಿ. ನಾವು ಆ ಮನೆಗೆ ಹೋಗ್ತೀವಿ" ಎಂದು ಸೋಮಲಿಂಗಪ್ಪ ಅಂಗಲಾಚಿದ.

ಜಗಲಿಯಿಂದ ಚಕ್ರಪಾಣಿಯವರು ಎದ್ದು ಒಳಗೆ ಬಂದರು. "ಅದು ಸಾಧ್ಯವಿಲ್ಲ ಸ್ವಾಮಿ. ತಾವು ಸಹಿ ಮಾಡಿದೀರಿ. ಇಲ್ಲಿಯೇ ಇದ್ದು ಪೂಜಾದಿಗಳನ್ನು ತಪ್ಪದೆ ನಡೆಸಿಕೊಂಡು, ಅಂತ. ಪುಸ್ತಕದಲ್ಲಿ ತಮ್ಮ ಹೆಸರೂ ಹಾಕಿದೀನಿ."

"ದೀಪ ಆರಬಾರದು ಸೋಮಲಿಂಗಪ್ನೋರೆ" ಎಂದು ಬೈರಪ್ಪ ಕೈಮುಗಿದ. "ಅವಳು ನಿಮ್ಮನ್ನೇ ಆರಿಸ್ಕೊಂಡವಳೆ. ಬ್ಯಾರೆಯವರು ಹೆಂಗೆ ಮಾಡೋಕಾಗುತ್ತೆ? ಇನ್ನು ಆ ಹೊಸ ಮನೆ ಸುಮ್ನೆ ಖಾಲಿ ಬಿದ್ದಿರುತ್ತೆ, ಅದೇ ಯೋಚನೆ."

ಚಕ್ರಪಾಣಿಯವರು ಕಾಫಿ ಲೋಟವನ್ನು ಕಿಟಕಿಯಲ್ಲಿಟ್ಟರು. ಧೋತ್ರ ಸರಿಮಾಡಿಕೊಂಡು, ಬಹಳ ಸಂಕೋಚದಿಂದ ಮುಂದೆ ಬಂದರು.

"ಕೇಳೋದು ತಪ್ಪಾಗಬಹುದು ಯಜಮಾನ್ರೇ. ಊರಿನ ಹಳೇ ಮನೆಗಳನ್ನೆಲ್ಲ ನಾನು ನೋಡಿಯಾಯ್ತು. ನನಗೇ ಇರೋದಕ್ಕೆ ಒಂದು ಮನೆ ಇಲ್ಲ. ಹೆಂಡತಿ ಮಕ್ಕಳು ಮೈಸೂರಲ್ಲೇ ಇದಾರೆ. ತಾವು ದೊಡ್ಡ ಮನಸ್ಸು ಮಾಡಿದ್ರೆ..."

"ಅಯ್ಯೋ, ಅದಕ್ಕೇನು ಸ್ವಾಮಿ! ನಮ್ಮ ತಾಯಿ ಹೆಸರು ಪುಸ್ತಕಕ್ಕೆ ಹಾಕೋರು ನೀವು!" ಎಂದು ಬೈರಪ್ಪ ಬೀಗದಕೈಯನ್ನೂ ಎಲೆಅಡಿಕೆಯ ತಟ್ಟೆಯನ್ನೂ ಒಟ್ಟಿಗೆ ಅವರ ಕೈಯಲ್ಲಿಟ್ಟ.

ಚಕ್ರಪಾಣಿಯವರು ಎರಡನ್ನೂ ಕಣ್ಣಿಗೆ ಒತ್ತಿಕೊಂಡು ನೀಲಮ್ಮನ ಕಡೆ ತಿರುಗಿದರು. "ಹಾಲೂ ಉಕ್ಕಿಸಿಯಾಗಿದೆ. ಬಹಳ ಉಪಕಾರವಾಯ್ತು ತಾಯಿ" ಎಂದು ಬೀದಿಯ ತುದಿಗೆ ಆಟೋ ಹುಡುಕಿಕೊಂಡು ಹೊರಟೇಬಿಟ್ಟರು.

ಒಳಗಿನಿಂದ ಪಾತ್ರೆಗಳು ಗೋಣಿಚೀಲಕ್ಕೆ ಬೀಳುವ ಸದ್ದು ಕೇಳಿಬಂತು. ಸೋಮಲಿಂಗಪ್ಪ ಅಡುಗೆಮನೆಗೆ ಓಡಿದ. ನೀಲಮ್ಮ ಚೀಲದ ಬಾಯಿ ಕಟ್ಟುತ್ತಿದ್ದಳು.

"ನೀಲೂ, ತಪ್ಪಾಯ್ತು ಕಣೇ. ಸರಿ, ನಡಿ, ಹರಿಹರಕ್ಕೇ ಹೋಗೋಣ. ನಾನೂ ಬರ್ತೀನಿ ನಿನ್ನ ಜೊತೆ."

ನಡುಮನೆಯಲ್ಲಿ ಮುನಿಲಕ್ಷ್ಮಮ್ಮ ಗಂಟೆ ಬಾರಿಸುತ್ತಾ, "ಪೂಜಾರಪ್ಪಾ, ಹೊತ್ತಾಯ್ತು ಬನ್ನಿ" ಎಂದು ಕೂಗುತ್ತಿದ್ದಳು. ನೀಲಮ್ಮ ಗಂಟನ್ನು ಇನ್ನೊಂದು ಸಲ ಬಿಗಿದು, ಗಂಡನ ಮುಖ ನೋಡಿದಳು.

"ನೀವೆಲ್ಲಿ ಬರ್ತೀರಿ ರೀ? ಮಂಗಳಾರತಿ ಯಾರು ಮಾಡ್ತಾರೆ?"